ಫುಲ್ ಚಾರ್ಜ್ ಮಾಡಿ ತೋರಿಸಿ

ಹೊಳೆನರಸೀಪುರದ ಸಿಂಧು ಕಂಪನಿಗಳ ಜೊತೆ ಜಗಳಕ್ಕೆ ನಿಂತು ಸೋತವಳಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಮೆಡಿಕಲ್ ಸ್ಟೋರ್ ಇತ್ತು. ಅವಧಿ ಮುಗಿದ ಮಾತ್ರೆಯಾಗಲಿ, ದಾರಿಯಲ್ಲಿ ಒಡೆದು ಬಂದ ಸಿರಪ್ ಬಾಟಲಿಯಾಗಲಿ, ಹೋದರೆ ಹೋಗಲಿ ಎಂದು ಬಿಟ್ಟದ್ದೇ ಇಲ್ಲ. ಬೆಳಿಗ್ಗೆ ಒಂದು ಫೋನು, ಸಂಜೆ ಒಂದು ಫೋನು ಮಾಡಿ, ಕೊಟ್ಟವರೇ ಬಂದು ವಾಪಸು ಒಯ್ಯುವಂತೆ ಮಾಡುತ್ತಿದ್ದಳು. "ನಿನ್ನ ಕೈಗೆ ಸಿಕ್ಕೋರ ಪಾಡು ನಾಯಿಗೂ ಬೇಡ," ಎಂದು ಗಂಡ ಮನು ನಗುತ್ತಿದ್ದ. ಹಾಗಾಗಿ ಬ್ಯಾಟರಿಗಳ ತಕರಾರು ಶುರುವಾದಾಗ ಅವಳ ಗೆಳೆಯರಿಬ್ಬರೂ ಅದನ್ನು ಅವಳ ತಲೆಗೆ ಕಟ್ಟಿ ನಿಶ್ಚಿಂತರಾದರು.

ಆ ಇಬ್ಬರಲ್ಲಿ ಒಬ್ಬ ಚನ್ನರಾಯಪಟ್ಟಣದಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ಶಶಿಕುಮಾರ್. ಇನ್ನೊಬ್ಬ ಅರಕಲಗೂಡಿನ ಖಾಸಗಿ ಹೈಸ್ಕೂಲೊಂದರ ಡ್ರಾಯಿಂಗ್ ಮೇಷ್ಟ್ರು ಧರ್ಮೇಂದ್ರ. ಮೂವರಿಗೂ ಒಂದೇ ಹುಚ್ಚು, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನಗಳದು. ಈ ಹುಚ್ಚು ಹಿಡಿಸಿದವನು ಧರ್ಮೇಂದ್ರನೇ. ಎರಡು ವರ್ಷದ ಹಿಂದೆ ಸಿಂಧುವಿನ ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವನು ತಾನೇ ಕೊರೆದು, ಅಂಟಿಸಿ, ಮಿಂಚುಳ್ಳಿಯ ಬಣ್ಣ ಬಳಿದ ಥರ್ಮೋಕೋಲ್ ವಿಮಾನವೊಂದನ್ನು ತಂದಿದ್ದ. ಅದು ಮೈದಾನದ ಮೇಲೆ ಒಂದು ಸುತ್ತು ಹೊಡೆದು ಬಂದು ಅವನ ಕಾಲ ಬಳಿ ಕೂತದ್ದೇ ತಡ, ಮಗಳಿಗಿಂತ ಅಮ್ಮ ಮರುಳಾದಳು. ಅಂದಿನಿಂದ ಭಾನುವಾರ ಬಂದರೆ ಹಳ್ಳಿಮೈಸೂರಿನ ಆಚೆಯ ಬೀಳು ಹೊಲದಲ್ಲಿ ಮೂವರೂ ಸೇರುತ್ತಿದ್ದರು. ಹಾರಿಸುವುದನ್ನು ಕಲಿಸುವವನು ಧರ್ಮೇಂದ್ರ. ಸಾಮಾನು ತರಿಸುವುದು, ಕಂಪನಿಗೆ ಇಂಗ್ಲಿಷಿನಲ್ಲಿ ಬರೆಯುವುದು ಸಿಂಧುವಿನ ಪಾಲು.

ವಿಮಾನಕ್ಕೆ ಬೇಕಾದ ಲಿಥಿಯಂ ಬ್ಯಾಟರಿಗಳು ಟಾರ್ಚಿನ ಸೆಲ್ಲಿನಂತೆ ಗಟ್ಟಿ ಡಬ್ಬಿಯವಲ್ಲ. ತೆಳು ಹಾಳೆಯಲ್ಲಿ ಸುತ್ತಿದ ಮೆತ್ತಗಿನ ಇಟ್ಟಿಗೆಯಂತಿರುತ್ತವೆ. ಕೆಟ್ಟರೆ ಒಳಗೆ ಗಾಳಿ ತುಂಬಿ ಉಬ್ಬುತ್ತವೆ. ಉಬ್ಬಿದ್ದನ್ನು ಚಾರ್ಜಿಗೆ ಹಾಕಿದರೆ ಬೆಂಕಿ. ಸಿಂಧು ಮೂವರಿಗೂ ಒಂದೊಂದು ಹೊಸ ಬ್ಯಾಟರಿಯನ್ನು ಒಂದೇ ಆನ್‌ಲೈನ್ ಅಂಗಡಿಯಿಂದ ಒಟ್ಟಿಗೆ ತರಿಸಿದ್ದಳು. ತಿಂಗಳು ತುಂಬುವ ಮೊದಲೇ ಅವಳದು ಪೂರಿಯಂತೆ ಉಬ್ಬಿತು. ಉಳಿದೆರಡೂ ನೋಡಲು ನೆಟ್ಟಗಿದ್ದರೂ ಚಾರ್ಜು ನಿಲ್ಲುತ್ತಿರಲಿಲ್ಲ.

"ಇವನ್ನ ಉಪ್ಪುನೀರಿಗೆ ಆಕ್ಬುಡದು ಒಳ್ಳೇದು ಅಕ್ಕ," ಎಂದು ಧರ್ಮೇಂದ್ರ ಆಗಲೇ ಹೇಳಿದ್ದ. "ಜೀವ ಓದ್ಮೇಲೆ ಎಸೆದ್ರಾಯ್ತು. ಇಟ್ಕಳ ಅಂತಾವಲ್ಲ."

"ನೀರಿಗೆ ಹಾಕಿದ್ರೆ ವಾರಂಟಿ ಇಲ್ಲ ಅಂತ ಬರೆದವ್ರೆ ಮೇಷ್ಟ್ರೇ. ನಾವು ಹಾಕಿದ್ರೆ ಅವರು ಗೆದ್ದಂಗೆ. ಯಾರೂ ಎಸೀಬೇಡಿ. ನಾನು ನೋಡ್ಕೋತೀನಿ."

ಧರ್ಮೇಂದ್ರ ತನ್ನದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

ಆ ಆನ್‌ಲೈನ್ ಕಂಪನಿಯವರು ಮೊದಲು ಬ್ಯಾಟರಿಯನ್ನು ಇದ್ದ ಹಾಗೇ ವಾಪಸು ಕಳಿಸಿ ಎಂದರು. ಸಿಂಧು ಹಾಸನಕ್ಕೆ ಹೋಗಿ ಕೊರಿಯರ್ ಆಫೀಸಿನ ಮೇಜಿನ ಮೇಲೆ ಡಬ್ಬ ಇಟ್ಟಳು. ಅಲ್ಲಿದ್ದವನು ಒಳಗೆ ಏನಿದೆಯೆಂದು ಕೇಳಿ, ಇಣುಕಿ ನೋಡಿ, ಡಬ್ಬವನ್ನು ಮುಟ್ಟದೆ ರಟ್ಟಿನ ತುಂಡಿನಿಂದ ಅವಳ ಕಡೆಗೇ ತಳ್ಳಿದ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಯಾವ ಕೊರಿಯರಿನವನೂ ಮುಟ್ಟುವುದಿಲ್ಲ. ಹಾಗೆಂದು ಬರೆದರೆ, ಕಳಿಸದಿದ್ದರೆ ಬದಲಿ ಕೊಡಲಾಗದು ಎಂಬ ಉತ್ತರ ಬಂತು. ಅತ್ತ ದರಿ, ಇತ್ತ ಪುಲಿ. ಆ ಡಬ್ಬವನ್ನು ಮನೆಯಿಂದ ಆಚೆ ಹಾಕು ಎಂದು ಮನು ದಿನಾ ಗೊಣಗತೊಡಗಿದ. ಸಿಂಧು ಅದನ್ನು ತಾರಸಿಯ ಮೇಲೆ ಮರಳು ತುಂಬಿದ ಹೂಕುಂಡದಲ್ಲಿಟ್ಟು, ಹಗಲೆಲ್ಲ ಅಂಗಡಿಯಲ್ಲಿ ಕೂತಾಗಲೂ ಅದನ್ನೇ ನೆನೆಯುತ್ತಿದ್ದಳು. ಮೂರಲ್ಲ, ಹತ್ತು ಇಮೇಲ್ ಬರೆದಳು. ಕೊನೆಗೆ ಅವರು ಒಂದು ದಾರಿ ತೋರಿಸಿದರು. ಕಳಿಸಲಾಗದಿದ್ದರೆ ಪ್ರತಿ ಬ್ಯಾಟರಿಯನ್ನೂ ಚಾರ್ಜರಿಗೆ ಹಾಕಿ, ಫುಲ್ ಚಾರ್ಜ್ ಆಗುವ ತನಕ ಎಲ್ಲೂ ಕಡಿಯದೆ ವಿಡಿಯೋ ತೆಗೆದು ಕಳಿಸಿ. ದೋಷ ಕಂಡರೆ ಬದಲಿ ಕೊಡುತ್ತೇವೆ.

ಬ್ಯಾಟರಿ ಮಾರುವವರು ಕೇಳಬಾರದ ಮಾತು ಅದು. ಸಿಂಧುವಿಗೂ ಅದು ಗೊತ್ತಾಗಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು ಬ್ಯಾಟರಿಯಲ್ಲ, ಗೆಲುವು. ಇಮೇಲನ್ನು ಕನ್ನಡಕ್ಕೆ ತಿರುಗಿಸಿ ಇಬ್ಬರಿಗೂ ಕಳಿಸಿದಳು. ಧರ್ಮೇಂದ್ರ ಫೋನು ಮಾಡಿ, "ಚಾರ್ಜ್ ಮಾಡ್ಬೇಕಾ ಅಕ್ಕ? ನಿಜವಾಗ್ಲೂವಾ?" ಎಂದು ಕೇಳಿದ.

"ನಿಮ್ಮದು ಉಬ್ಬಿಲ್ವಲ್ಲ. ಹುಷಾರಾಗಿ ಮಾಡಿ. ಇನ್ನೊಂದು ವಿಷಯ, ಫೋನನ್ನ ಫ್ಲೈಟ್ ಮೋಡಿಗೆ ಹಾಕ್ಕೊಳ್ಳಿ. ಮಧ್ಯದಲ್ಲಿ ಕಾಲ್ ಬಂದ್ರೆ ವಿಡಿಯೋ ಕಟ್ಟಾಗತ್ತೆ. ಕಟ್ಟಾದ್ರೆ ಒಪ್ಪಲ್ಲ ಅವರು."

"ಸರಿ. ಶನಿವಾರ ಅರ್ಧ ದಿನ ಸ್ಕೂಲು. ಮನೆಗೋದ್ಮೇಲೆ ಮಾಡ್ತೀನಿ."

ಶನಿವಾರ ಬೆಳಿಗ್ಗೆ ಮನು ಕೆಲಸಕ್ಕೆ ಹೋದ ಮೇಲೆ ಸಿಂಧು ಅಂಗಡಿಯನ್ನು ಕೆಲಸದ ಹುಡುಗಿ ಪ್ರೇಮಕುಮಾರಿಗೆ ಒಪ್ಪಿಸಿ ತಾರಸಿ ಹತ್ತಿದಳು. ಬ್ಯಾಟರಿಯನ್ನು ಬರಿಯ ಕಾಂಕ್ರೀಟಿನ ಮೇಲಿಟ್ಟು, ಚಾರ್ಜರನ್ನು ಇಟ್ಟಿಗೆಯ ಮೇಲೆ ಕೂರಿಸಿ, ತನ್ನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ದೂರ ಸರಿದು ಮೆಟ್ಟಿಲ ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಪಕ್ಕದ ಮನೆಯಾಕೆ ಒಣಹಾಕಿದ ರಾಗಿಯನ್ನು ಕೈಯಾಡಿಸುತ್ತ, "ಏನ್ ಸಿಂಧು, ಇವತ್ತು ಹಾರ್ಸದಿಲ್ವಾ?" ಎಂದು ಕೇಳಿ ಒಳಗೆ ಹೋದಳು. ಅವಳ ಬೆನ್ನು ಮರೆಯಾಗುತ್ತಿದ್ದಂತೆ ಬ್ಯಾಟರಿಯ ಒಂದು ಮೂಲೆ ಮೆಲ್ಲಗೆ ಮೇಲೆದ್ದಿತು. ಸುಯ್ಯೆಂದು ಸದ್ದಾಯಿತು. ಬಿಳಿ ಹೊಗೆ, ಅದರ ಹಿಂದೆಯೇ ಎದೆಯೆತ್ತರದ ಬೆಂಕಿ. ನೀರಿನ ಟ್ಯಾಂಕಿನ ಪೈಪು ಮೇಣದಂತೆ ಬಾಗಿ ನೀರು ಚಿಮ್ಮಿತು. ಸಿಂಧು ಓಡಿ ಕೆಳಗಿನ ಮೇನ್ ಸ್ವಿಚ್ಚನ್ನು ಎಳೆದು ಮತ್ತೆ ಮೇಲೆ ಬರುವಷ್ಟರಲ್ಲಿ ಎಲ್ಲ ಸುಟ್ಟು, ಕಪ್ಪು ಕಲೆಯೊಂದು ಉಳಿದಿತ್ತು.

ಫೋನು ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು.

ಕಂಪನಿಯವರು ಸಿಕ್ಕಿಬಿದ್ದರು. ಅವಳಿಗೆ ಮೊದಲು ಬಂದ ಯೋಚನೆ ಅದೇ. ಇನ್ನೇನು ಹೇಳುತ್ತಾರೆ ನೋಡೋಣ ಎಂದುಕೊಳ್ಳುತ್ತ ಫೋನನ್ನು ಸ್ಟ್ಯಾಂಡಿನಿಂದ ಬಿಡಿಸಿದವಳು, ಪರದೆಯ ಮೇಲಿದ್ದ ಪುಟ್ಟ ವಿಮಾನದ ಗುರುತನ್ನು ಕಂಡು ಹಾಗೇ ನಿಂತುಬಿಟ್ಟಳು. ಫ್ಲೈಟ್ ಮೋಡ್. ಶನಿವಾರ. ಅರ್ಧ ದಿನ ಸ್ಕೂಲು.

ಅದನ್ನು ತೆಗೆದು ಧರ್ಮೇಂದ್ರನಿಗೆ ಫೋನು ಮಾಡಿದಳು. ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಅಥವಾ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಮತ್ತೆ ಮಾಡಿದಳು. ಮತ್ತೆ ಅದೇ ಹೆಂಗಸು, ಅದೇ ನಿಧಾನದ ದನಿ.

ಶಾಲೆಯ ನಂಬರು ಹುಡುಕಿ ಮಾಡಿದರೆ ಜವಾನ ಎತ್ತಿದ. "ಡ್ರಾಯಿಂಗ್ ಸಾರಾ? ಆಗ್ಲೇ ಓದ್ರಲ್ಲ ಮೇಡಂ."

"ಅವರ ಮನೆ ಎಲ್ಲಿ?"

"ನಾನು ಈ ವರ್ಸ ಬಂದೋನು ಮೇಡಂ, ಗೊತ್ತಿಲ್ಲ. ಆಫೀಸ್ ಬಾಗ್ಲು ಆಕೈತೆ."

ಶಶಿಕುಮಾರ್ ಕೂಡಲೇ ಎತ್ತಿದ. ಅವನದಿನ್ನೂ ಆಗಿರಲಿಲ್ಲ, ಸಂಜೆಗೆ ಎಂದುಕೊಂಡಿದ್ದ.

"ಮುಟ್ಟಲೇಬೇಡಿ ಶಶಿಯಣ್ಣ. ನಂದು ಬೆಂಕಿ ಹತ್ಕೊಳ್ತು. ಮೇಷ್ಟ್ರ ಮನೆ ಎಲ್ಲಿ, ಹೇಳಿ ಬೇಗ."

"ಅರಕಲಗೂಡು ಅಂತ ಗೊತ್ತು. ನಾವ್ಯಾವತ್ತು ಅವರ ಮನೆಗೆ ಓಗಿದೀವಿ?"

ಹೋಗಿರಲಿಲ್ಲ. ಎರಡು ವರ್ಷ ಒಂದೇ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡವರು. ಅವನು ಅವಳ ಮನೆಯ ಬಾಗಿಲ ತನಕ ಎಷ್ಟೋ ಸಲ ಬಂದು ಸಾಮಾನು ಕೊಟ್ಟು ಹೋಗಿದ್ದ. ಅವನ ಮನೆ ಯಾವ ಬೀದಿ ಎಂದು ಇವಳು ಕೇಳಿರಲಿಲ್ಲ. ತಾಯಿ ಇದ್ದಾಳೆ, ಮಲ್ಲಿಗಮ್ಮ ಎಂದು ಹೆಸರು, ಮಂಡಿನೋವು. ಮಾತ್ರೆಯ ಚೀಟಿ ತಂದಾಗ ತಿಳಿದದ್ದು ಅಷ್ಟೇ.

ಸ್ಕೂಟರಿನ ಬೀಗದ ಕೈ ಹಿಡಿದು ಕೆಳಗಿಳಿಯುತ್ತಲೇ ಅರಕಲಗೂಡಿನ ಶಾಂತರಾಜುವಿಗೆ ಮಾಡಿದಳು. ಅವನೂ ಮೆಡಿಕಲ್ ಸ್ಟೋರಿನವನು. ಔಷಧಿ ವ್ಯಾಪಾರಿಗಳ ಸಭೆಗಳಲ್ಲಿ ಪರಿಚಯ.

"ಧರ್ಮೇಂದ್ರ ಅಂತ ಡ್ರಾಯಿಂಗ್ ಮೇಷ್ಟ್ರು. ತಾಯಿ ಮಲ್ಲಿಗಮ್ಮ. ಈಗಲೇ ಯಾರನ್ನಾದ್ರೂ ಅವರ ಮನೆಗೆ ಓಡ್ಸಿ ಶಾಂತರಾಜು. ಚಾರ್ಜಿಗೆ ಹಾಕಿರೋ ಬ್ಯಾಟರಿ ತೆಗೀಬೇಕು, ಬೆಂಕಿ ಬೀಳತ್ತೆ."

"ಯಾವ ಬೀದಿ ಮೇಡಂ?"

"ಗೊತ್ತಿಲ್ಲ."

"ಯಾವ ಪೈಕಿ?"

ಸಿಂಧು ಮೆಟ್ಟಿಲ ಮೇಲೇ ನಿಂತಳು. ಅವಳಿಗೆ ಅದು ಗೊತ್ತಿತ್ತು. ಬೀದಿ ಗೊತ್ತಿರಲಿಲ್ಲ, ಜಾತಿ ಗೊತ್ತಿತ್ತು. ಹೇಳಿದಳು.

"ಓ, ಆ ಕಡೇನಾ," ಎಂದ ಶಾಂತರಾಜು. "ಬುದ್ಧ ವಿಹಾರದ ಹಿಂದ್ಗಡೆ ಇರ್ಬೇಕು. ಗಿರಾಕಿ ಅವ್ರೆ, ಕಳಿಸ್ಬುಟ್ಟು ನೋಡ್ತೀನಿ."

ಅರಕಲಗೂಡಿನ ದಾರಿ ಅಂದಿನಷ್ಟು ಉದ್ದ ಅವಳಿಗೆ ಎಂದೂ ಕಂಡಿರಲಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಎದುರಿಗೆ ಬಸ್ಸು, ಊರು ಬಂದಲ್ಲೆಲ್ಲ ಉಬ್ಬು. ಹುರುಳಿ ಬಡಿಯಲೆಂದು ರಸ್ತೆಗೇ ಹರಡಿದ್ದ ಕಡೆ ಚಕ್ರ ಜಾರಿ ಬೀಳುವುದರಲ್ಲಿದ್ದಳು. ಸೊಪ್ಪು ತಿರುವುತ್ತಿದ್ದ ಮುದುಕಪ್ಪ ಅವಳನ್ನು ಬೈದದ್ದು ಬಹಳ ದೂರದವರೆಗೂ ಕೇಳುತ್ತಿತ್ತು. ಎರಡು ಕಡೆ ನಿಂತು ಫೋನು ಮಾಡಿದಳು. ಎರಡು ಸಲವೂ ಅದೇ ಹೆಂಗಸಿನ ದನಿ. ಅವನದು ಉಬ್ಬಿಲ್ಲ, ಉಬ್ಬಿಲ್ಲ ಎಂದು ಬಾಯಲ್ಲೇ ಜಪಿಸಿಕೊಂಡಳು. ಒಳಗೆ ಕೆಟ್ಟದ್ದು ಹೊರಗೆ ಉಬ್ಬಿಯೇ ತೋರಬೇಕೆಂದಿಲ್ಲ ಎಂದು ಧರ್ಮೇಂದ್ರನೇ ಹೇಳಿಕೊಟ್ಟಿದ್ದ.

ಶಾಂತರಾಜುವಿನ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿದಾಗ ಅವನು ಗಲ್ಲಾದ ಹಿಂದೆಯೇ ಕೂತಿದ್ದ. ಎದುರಿಗೆ ಒಬ್ಬರೂ ಇರಲಿಲ್ಲ.

"ಈಗ ಓಗನ ಅಂತಿದ್ದೆ ಮೇಡಂ," ಎಂದ. ಅವಳು ಅವನ ಮುಖವನ್ನೇ ನೋಡಿದಳು. ಅವನು ಎದ್ದು ಬಂದು ಮೆಟ್ಟಿಲ ಮೇಲೆ ನಿಂತು, ಕೈಯನ್ನು ಉದ್ದಕ್ಕೆ ಚಾಚಿ ದಾರಿ ತೋರಿಸಿದ. "ನೇರ ಓಗಿ, ನೀಲಿ ಗೇಟಿನ ವಿಹಾರ. ಅದರ ಹಿಂದೆ ಕೇಳಿ."

ಕೇಳುವುದೇ ಬೇಕಾಗಲಿಲ್ಲ. ವಿಹಾರದ ಪಕ್ಕಕ್ಕೆ ತಿರುಗಿದ ಕೂಡಲೇ ಆ ವಾಸನೆ ಬಂತು. ಬೆಳಿಗ್ಗೆ ಅವಳ ತಾರಸಿಯ ಮೇಲೆ ಎದ್ದಿದ್ದ, ಸಿಹಿಯೂ ಅಲ್ಲದ ಕಮಟೂ ಅಲ್ಲದ ವಾಸನೆ. ಶೀಟಿನ ಮನೆಯೊಂದರ ಮುಂದೆ ಜನ ಸೇರಿದ್ದರು. ಬಾಗಿಲಿನಿಂದ ಕರಿ ನೀರು ಹರಿದು ಚರಂಡಿ ಸೇರುತ್ತಿತ್ತು. ಎದುರು ಮನೆಯ ಜಗಲಿಯ ಮೇಲೆ ಧರ್ಮೇಂದ್ರ ಕೂತಿದ್ದ. ಎಡಗೈಯನ್ನು ನೀರಿನ ಬಕೆಟ್ಟಿನಲ್ಲಿ ಮೊಣಕೈ ತನಕ ಮುಳುಗಿಸಿದ್ದ. ಹುಬ್ಬು ಸುಟ್ಟು ಮುಖ ಬೇರೆ ಯಾರದೋ ಆಗಿತ್ತು.

ಅವಳನ್ನು ಕಂಡು ಅವನು ಏಳಲು ಹೋದ. "ಅಕ್ಕ, ನೀವ್ಯಾಕೆ ಬರಾಕೋದ್ರಿ? ಏನಿಲ್ಲ ಬುಡಿ. ವಿಡಿಯೋ ಸಿಕ್ಕೈತೆ."

"ಕೈ ತೋರ್ಸಿ," ಎಂದಳು ಸಿಂಧು. ಬಕೆಟ್ಟಿನಿಂದ ತೆಗೆದದ್ದನ್ನು ಒಂದು ಕ್ಷಣ ನೋಡಿ, ಮತ್ತೆ ನೀರಿನಲ್ಲೇ ಇರಿಸಿ, ಆಟೋ ಕರೆಯಲು ಅಲ್ಲಿದ್ದವರಿಗೆ ಹೇಳಿದಳು.

ನಡೆದದ್ದು ಆಟೋದಲ್ಲಿ ಗೊತ್ತಾಯಿತು. ನಡುಮನೆಯಲ್ಲಿ ಕಡಪದ ಕಲ್ಲಿನ ಮೇಲಿಟ್ಟು ಚಾರ್ಜು ಮಾಡಿದ್ದ. ಮನೆಗೆ ಇದ್ದದ್ದು ಒಂದೇ ಬಾಗಿಲು. ತಾಯಿ ಒಳಗೆ ಒಲೆಯ ಮುಂದೆ ಕೂತಿದ್ದಳು. ಬೆಂಕಿ ಎದ್ದದ್ದು ಅವಳಿಗೂ ಬಾಗಿಲಿಗೂ ನಡುವೆ. ಮಂಡಿ ಹಿಡಿದುಕೊಂಡವಳು ಅದನ್ನು ದಾಟಿ ಬರುವ ಹಾಗಿರಲಿಲ್ಲ. ಧರ್ಮೇಂದ್ರ ನೆನೆದ ಗೋಣಿ ತಾಟಿಗೆ ಕೈಹಾಕಿದ. ತಾಟು ಚಿಕ್ಕದಾಯಿತು. ಉರಿಯುತ್ತಿದ್ದ ಗಂಟನ್ನು ಕಲ್ಲಿನ ಮೇಲಿಂದ ಬಾಚಿ ಬೀದಿಗೆ ಎಸೆದ. ಅಟ್ಟದಿಂದ ತೂಗುಹಾಕಿದ್ದ ವಿಮಾನಗಳು ಒಂದೊಂದಾಗಿ ಕರಗಿ ಸುರಿದವಂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆಯುತ್ತಿದ್ದಾಗ ಮಲ್ಲಿಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಸೆರಗು, ಕೂದಲು ಎಲ್ಲ ಮಸಿ. ಸಿಂಧು ಪಕ್ಕಕ್ಕೆ ಬಂದು ನಿಂತದ್ದನ್ನು ಬಹಳ ಹೊತ್ತು ಗಮನಿಸದವಳಂತೆ ಇದ್ದು, ಆಮೇಲೆ ತಲೆಯೆತ್ತಿದಳು.

"ಒಳೆನರಸೀಪುರದ ಅಕ್ಕ ಅಂದ್ರೆ ನೀನೇಯಾ?"

"ಹೂನವ್ವ."

"ಬ್ಯಾಡ ಬುಡ್ಲಾ ಅಂದೆ ಕಣವ್ವ. ನನ್ ಮಗ ಅಂಗೆಲ್ಲ ದುಡುಕೋನಲ್ಲ. 'ನಂಗೂ ಯಾಕೋ ಇದು ಸರಿಯಿಲ್ಲ ಅನ್ನಿಸ್ತದೆ ಕಣವ್ವ, ಆದ್ರೆ ಅಕ್ಕ ಏಳವ್ಳೆ, ಅಕ್ಕ ಓದ್ಕೊಂಡವ್ಳೆ' ಅಂದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು, ಅಷ್ಟೇ.

ಸಿಂಧುವಿಗೆ ಕಂಪನಿಯವರ ಇಮೇಲ್ ಬಾಯಿಪಾಠವಾಗಿತ್ತು. ಅವರು ಹಾಗೆ ಬರೆದಿದ್ದರು ಎಂದು ಹೇಳಬಹುದಿತ್ತು. ಮಾತು ತುಟಿಯ ತನಕ ಬಂತು.

"ಹೌದು. ನಾನೇ ಹೇಳಿದ್ದು," ಎಂದಳು. "ಮೇಷ್ಟ್ರು ಬೇಡ ಅಂದಿದ್ರು. ಎಸೆಯೋಣ ಅಂದಿದ್ರು. ನಾನು ಬಿಡಲಿಲ್ಲ."

ಮಲ್ಲಿಗಮ್ಮ ಬೆಂಚಿನ ಮೇಲೆ ಸರಿದು ಜಾಗ ಬಿಡಲಿಲ್ಲ. ಸಿಂಧು ನಿಂತೇ ಇದ್ದಳು.

ಮಾರನೆಯ ದಿನ ಬೆಳಿಗ್ಗೆಯೇ ಅವಳು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಮೂರನೆಯದು ಅಲ್ಲಿತ್ತು. ಶಶಿಕುಮಾರ್ ಅದನ್ನು ಅಂಗಡಿಯ ಒಳಕೋಣೆಯ ಗೂಡಿನಲ್ಲಿಟ್ಟಿದ್ದ. ಅದರ ಮೇಲಿನ ಅಡ್ಡಹಲಗೆಯ ಮೇಲೆ ಕಿಡಿ ತಾಗಿದರೆ ಹತ್ತಿಕೊಳ್ಳುವ ಥಿನ್ನರ್ ಡಬ್ಬಗಳು ಸಾಲಾಗಿದ್ದವು.

"ಬಕೆಟ್ಟಿಗೆ ನೀರು ತುಂಬ್ಸಿ ಶಶಿಯಣ್ಣ. ಉಪ್ಪು ತರ್ಸಿ."

"ನಿಧಾನ ಸಿಂಧು," ಎಂದ ಶಶಿಕುಮಾರ್. "ಎಲ್ಡು ಸುಟ್ಟೋದ್ವು. ಇನ್ನು ಸಾಕ್ಷಿ ಅಂತ ಇರೋದು ಇದೊಂದೇಯ. ನಾಳೆ ಕೇಸು ಗೀಸು ಅಂದ್ರೆ ಏನ್ ತೋರಿಸ್ತೀಯಾ? ಈಗ ತಾನೇ ನಮ್ಮ ಕೈ ಮೇಲಾಗಿರೋದು. ನೀನೇ ಅಲ್ವಾ ಯಾರೂ ಎಸೀಬೇಡಿ ಅಂದಿದ್ದು?"

"ನಾನೇ ಅಂದಿದ್ದು. ಅದಕ್ಕೇ ನಾನೇ ಬಂದಿದೀನಿ."

"ನಂದು ಚಾರ್ಜಿಗಾಕಿಲ್ಲ. ಸುಮ್ನೆ ಕೂತದೆ ಅದು."

"ಬೆಳಿಗ್ಗೆ ಮುಟ್ಟಿ ನೋಡಿದ್ರಾ?"

ಶಶಿಕುಮಾರ್ ಗೂಡಿಗೆ ಕೈಹಾಕಿದ. ಮುಟ್ಟಿದವನು ಕೈಯನ್ನು ಥಟ್ಟನೆ ಹಿಂತೆಗೆದ. ಸುಮ್ಮನೆ ಕೂತಿದ್ದ ಬ್ಯಾಟರಿ, ಚಾರ್ಜಿಲ್ಲದೆ, ಬಿಸಿಲಿಲ್ಲದೆ, ಬೆಚ್ಚಗಾಗಿತ್ತು.

ಸಿಂಧು ಅದನ್ನು ಇಕ್ಕಳದಿಂದ ಹಿಡಿದು, ಥಿನ್ನರ್ ಡಬ್ಬಗಳ ಮುಂದಿನಿಂದ ಉಸಿರು ಬಿಗಿಹಿಡಿದು ದಾಟಿಸಿ ತಂದಳು. ಶಶಿಕುಮಾರ್ ಹಿತ್ತಿಲ ಬಾಗಿಲನ್ನು ಕಾಲಿನಿಂದ ಒದ್ದು ತೆರೆದ. ಉಪ್ಪು ಕದಡಿದ ಬಕೆಟ್ಟಿಗೆ ಬಿಟ್ಟ ಕೂಡಲೇ ಬ್ಯಾಟರಿಯ ತಂತಿಗಳ ತುದಿಯಿಂದ ನೊರೆ ಎದ್ದಿತು. ಇಬ್ಬರೂ ಗೋಡೆಯ ಮರೆಗೆ ಸರಿದು ನಿಂತು ಅದು ಗುಳುಗುಳು ಎನ್ನುವುದನ್ನು ಕೇಳಿದರು. ಮಧ್ಯಾಹ್ನವಾದರೂ ಶಶಿಕುಮಾರ್ ಅಂಗಡಿಯ ಬಾಗಿಲು ತೆರೆಯಲಿಲ್ಲ.

"ಸಾಕ್ಷಿ ಓಯ್ತು," ಎಂದ ಕೊನೆಗೆ.

"ಹೋಗಲಿ," ಎಂದಳು ಸಿಂಧು.

ವಿಡಿಯೋಗಳನ್ನು ಕಳಿಸಿದ ವಾರದಲ್ಲಿ ಕಂಪನಿಯಿಂದ ಫೋನು ಬಂತು. ಆಗ ಸಿಂಧು ಅರಕಲಗೂಡಿನಲ್ಲಿ ಧರ್ಮೇಂದ್ರನ ಮನೆಯಲ್ಲೇ ಇದ್ದಳು. ದಿನ ಬಿಟ್ಟು ದಿನ ಬಂದು ಅವನ ಗಾಯದ ಪಟ್ಟಿ ಬದಲಿಸಿ ಹೋಗುತ್ತಿದ್ದಳು. ಮಲ್ಲಿಗಮ್ಮ ಅವಳು ಬಂದಾಗ ಮಾತಿಲ್ಲದೆ ಚಾಪೆ ಹಾಸುತ್ತಿದ್ದಳು, ಹೋಗುವಾಗ ಮಾತಿಲ್ಲದೆ ಸುತ್ತಿಡುತ್ತಿದ್ದಳು. ಸಿಂಧು ಫೋನನ್ನು ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟಳು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಹುಡುಗಿಯ ದನಿ ಬಹಳ ನಯವಾಗಿತ್ತು. ಮೂರು ಬ್ಯಾಟರಿಗಳಿಗೂ ಬದಲಿ ಸಿದ್ಧವಿದೆ, ಇಂದೇ ಕಳಿಸುತ್ತೇವೆ. ಅದಕ್ಕೆ ಮೊದಲು ಚಾರ್ಜು ಮಾಡುವಾಗ ಬಳಸಿದವರ ತಪ್ಪಿನಿಂದ ಹೀಗಾಯಿತು ಎಂದು ಒಂದು ಸಾಲು ಬರೆದು ಕಳಿಸಿದರೆ ಸಾಕು.

ಸಿಂಧುವಿನ ಬಾಯಿಗೆ ಉತ್ತರ ಬಂದಿತ್ತು. ಅದನ್ನು ನುಂಗಿಕೊಂಡು ಧರ್ಮೇಂದ್ರನ ಕಡೆ ನೋಡಿದಳು.

"ಏನಂತ್ಲಾ?" ಎಂದು ಮಲ್ಲಿಗಮ್ಮ ಒಲೆಯ ಬಳಿಯಿಂದ ಕೇಳಿದಳು.

"ತಪ್ಪು ನಂದೇ ಅಂತ ಬರಕೊಟ್ರೆ ಒಸಾದು ಕೊಡ್ತಾರಂತೆ ಕಣವ್ವ."

ಮಲ್ಲಿಗಮ್ಮ ಊದುಗೊಳವೆ ಕೆಳಗಿಟ್ಟು ಯೋಚಿಸಿದಳು. "ಒಸಾದೂ ಇಂತದ್ದೇಯಾ?"

ಧರ್ಮೇಂದ್ರನಿಗೆ ನಗು ಬಂತು. ಸುಟ್ಟ ಕೆನ್ನೆ ಎಳೆದು ನೋವಾಗಿ ಅದು ಅರ್ಧಕ್ಕೇ ನಿಂತಿತು. "ಬರಕೊಡಲ್ಲ ಅಂತ ಏಳಿ ಅಕ್ಕ," ಎಂದ.

ಸಿಂಧು ಹೇಳಿದಳು. ಹುಡುಗಿ ಮತ್ತೆ ಅದನ್ನೇ ನಯವಾಗಿ ಕೇಳಿದಳು, ಸಿಂಧು ಮತ್ತೆ ಅದನ್ನೇ ಹೇಳಿದಳು. ಫೋನು ಇಟ್ಟ ಮೇಲೆ, "ಹಾಸನದ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು," ಎಂದಳು. "ಕೊಡಲೇಬೇಕು ಅಂತ ನಾನು ಹೇಳಲ್ಲ. ಓಡಾಟ ಇರತ್ತೆ. ನಿಮ್ಮ ಕೈ, ನಿಮ್ಮ ಮನೆ. ನೀವು ಹೇಳಿದ ಹಾಗೆ."

ಧರ್ಮೇಂದ್ರ ಪಟ್ಟಿಯೊಳಗಿನಿಂದ ಇಣುಕುತ್ತಿದ್ದ ಬೆರಳ ತುದಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಕಿರುಬೆರಳು ಅಲ್ಲಾಡಲಿಲ್ಲ.

"ಕೊಡನ," ಎಂದ. "ಆದ್ರೆ ದೂರಿನಾಗೆ ಏನ್ ಬರೀಬೇಕು ಅಂತ ನಾನೂ ಕೂತ್ಕತೀನಿ ಅಕ್ಕ. ನಂಗೆ ಸರಿಯಿಲ್ಲ ಅನ್ಸಿದ್ರೆ ಈ ಸಲ ಏಳ್ತೀನಿ."

"ಹೇಳಿ," ಎಂದಳು ಸಿಂಧು.

ಸೋಮವಾರ ಮೂವರೂ ಹಾಸನಕ್ಕೆ ಹೋಗಿ ದೂರು ಕೊಟ್ಟು ಬಂದರು. ಮುಂದೆ ವಿಚಾರಣೆಗಳಲ್ಲಿ ಬ್ಯಾಟರಿ ಎಲ್ಲಿ ಎಂದು ಕಂಪನಿಯ ವಕೀಲರು ಪ್ರತಿ ಸಲವೂ ಕೇಳಿದರು. ಪ್ರತಿ ಸಲವೂ ಧರ್ಮೇಂದ್ರ ಕೈಯನ್ನು ಮೇಲಕ್ಕೆತ್ತಿ ತೋರಿಸಿದ. ಆ ಕೈಯನ್ನು ನೋಡಲು ಆಗದೆ ಸಿಂಧು ಪ್ರತಿ ಸಲವೂ ಕಿಟಕಿಯ ಕಡೆ ತಿರುಗುತ್ತಿದ್ದಳು. ವರ್ಷ ತುಂಬುವ ಹೊತ್ತಿಗೆ ತೀರ್ಪು ಅವರ ಪರವಾಗಿ ಬಂತು. ಅಂದು ಮನೆಗೆ ಬಂದವಳು, ಗೆದ್ದೆಯಲ್ಲ ಎಂದು ಮನು ಕೇಳಿದಾಗ, ಮೇಷ್ಟ್ರು ಗೆದ್ದರು ಎಂದಷ್ಟೇ ಹೇಳಿ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟಳು.